ರಿಪೋರ್ಟ್‌ನಲ್ಲಿ 'ಆ್ಯಂಟಿಬಾಡಿ ಪಾಸಿಟಿವ್' ಅಂತ ಬಂದಿದೆ, ಎರಡು ಸಲ ಗರ್ಭ ಹೋಗಿದ್ದು ಇದರಿಂದಲೇನಾ?

ರೇಷ್ಮೆಗೂಡು (ಶಿಡ್ಲಘಟ್ಟ):
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 29. ಹೋದ ವರ್ಷ ಏಳನೇ ವಾರಕ್ಕೆ ಒಂದು ಹೋಯಿತು. ಈ ವರ್ಷ ಒಂಬತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರು, ಡಿ ಅಂಡ್ ಸಿ (ಗರ್ಭಕೋಶ ಕ್ಲೀನ್ ಮಾಡುವುದು) ಆಯಿತು. ಆಮೇಲೆ ಯಾರೋ ಹೇಳಿದರು ಅಂತ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆವು. ಒಂದೇ ದಿನ ಎಷ್ಟೋ ಟ್ಯೂಬ್ ರಕ್ತ ತೆಗೆದರು, ಬಿಲ್ ಹದಿನೆಂಟು ಸಾವಿರ. ಈಗ ರಿಪೋರ್ಟ್ ಬಂದಿದೆ. ಆ್ಯಂಟಿ ಕಾರ್ಡಿಯೋಲಿಪಿನ್ ಐಜಿಎಂ 24, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಪಾಸಿಟಿವ್. ಎಎನ್ಎ ಅನ್ನುವ ಇನ್ನೊಂದು ಆ್ಯಂಟಿಬಾಡಿ 1:80 ವೀಕ್ ಪಾಸಿಟಿವ್. ಥೈರಾಯ್ಡ್‌ನ ಟಿಪಿಒ ಅನ್ನುವ ಆ್ಯಂಟಿಬಾಡಿಯೂ ಜಾಸ್ತಿ ಇದೆ, ಆದರೆ ಟಿಎಸ್‌ಎಚ್ ನಾರ್ಮಲ್. ಅಲ್ಲಿನ ಕೌನ್ಸೆಲರ್ 'ನಿಮ್ಮ ದೇಹವೇ ಮಗುವನ್ನು ಶತ್ರು ಅಂದುಕೊಂಡು ಹೊಡೆದುಹಾಕುತ್ತಿದೆ' ಅಂದರು. ಮುಂದಿನ ಸಲ ದಿನಾ ಹೊಟ್ಟೆಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಇಂಜೆಕ್ಷನ್, ಇಂಟ್ರಾಲಿಪಿಡ್ ಡ್ರಿಪ್, ಜೊತೆಗೆ ಇವರ ರಕ್ತದ ಬಿಳಿ ಕಣ ತೆಗೆದು ನನಗೆ ಕೊಡುವುದು, ಎಲ್ಲ ಸೇರಿ ಪ್ಯಾಕೇಜ್ ಅಂತೆ. ಅತ್ತೆಯವರು ಇದನ್ನು ಕೇಳಿಸಿಕೊಂಡು ಬಂದು ಮನೆಯಲ್ಲಿ 'ಇವಳ ರಕ್ತದಲ್ಲೇ ದೋಷ ಇದೆಯಂತೆ' ಅಂತ ಹೇಳಿಯಾಯಿತು. ಯಾರಿಗಾದರೂ ಹೀಗೆ ಬಂದಿದೆಯಾ? ದುಡ್ಡಿನ ಪ್ರಶ್ನೆಗಿಂತ, ಇದು ನಿಜವಾ ಅಂತ ತಿಳಿಯಬೇಕು.

ಕಲ್ಪತರು (ತಿಪಟೂರು):
ತಂಗಿ, ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕು. ದೇಹ ಮಗುವನ್ನು ಹೊಡೆಯುವುದಿಲ್ಲ. ನನಗೂ ಎಪಿಎಸ್ ಇದೆ, ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ಈ ಕಾರ್ಡಿಯೋಲಿಪಿನ್ ಥರದ ಆ್ಯಂಟಿಬಾಡಿಯಿಂದ ರಕ್ತ ಹೆಪ್ಪುಗಟ್ಟುವ, ಗರ್ಭ ಹೋಗುವ ಕಾಯಿಲೆ. ಮೂರು ಹೋದವು, ಮೂರನೆಯದು ಐದು ತಿಂಗಳಿಗೆ. ಸೀಮಂತಕ್ಕೆ ಸೀರೆ ತಂದಿಟ್ಟಿದ್ದೆವು. ಆಮೇಲೆ ಟೆಸ್ಟ್ ಮಾಡಿಸಿದೆವು, ಇಂಜೆಕ್ಷನ್ ತೆಗೆದುಕೊಂಡೆ, ಈಗ ಮಗಳಿಗೆ ಆರು ವರ್ಷ. ಸಂಜೆ ವಿವರವಾಗಿ ಬರೆಯುತ್ತೇನೆ, ಈಗ ಕೊಬ್ಬರಿ ತೂಕಕ್ಕೆ ಜನ ಬಂದಿದ್ದಾರೆ.

ಅಶ್ವತ್ಥಕಟ್ಟೆ (ಗೌರಿಬಿದನೂರು):
ಮಗಳೇ, ಟೆಸ್ಟು ಗಿಸ್ಟು ಆಮೇಲೆ. ಗರ್ಭ ನಿಲ್ಲುತ್ತಿಲ್ಲ ಅಂದರೆ ನಮ್ಮ ಕಡೆ ಮೊದಲು ನೋಡುವುದು ನಾಗದೋಷ. ವಿದುರಾಶ್ವತ್ಥಕ್ಕೆ ಬಂದು ಒಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸು. ಅಲ್ಲಿರುವ ಸಾವಿರಾರು ಕಲ್ಲುಗಳನ್ನು ಯಾರು ನಿಲ್ಲಿಸಿದ್ದು? ಎಲ್ಲ ನಿನ್ನಂಥ ಹೆಣ್ಣುಮಕ್ಕಳೇ.

ಪಾವಗಡ ಬಿಸಿಲು:
ಅಮ್ಮಾ, ಕಲ್ಲು ನಿಲ್ಲಿಸಿದವರ ಲೆಕ್ಕ ಸಿಗುತ್ತದೆ, ನಿಲ್ಲಿಸಿದ ಮೇಲೂ ಮಗು ನಿಲ್ಲದವರ ಲೆಕ್ಕ ಯಾರ ಹತ್ತಿರ ಇದೆ? ಆದರೆ ಒಂದು ಮಾತು. ಆ ಕ್ಲಿನಿಕ್‌ನ ಪ್ಯಾಕೇಜ್‌ಗಿಂತ ನಾಗರಕಲ್ಲು ಅಗ್ಗ, ಅಡ್ಡ ಪರಿಣಾಮವೂ ಇಲ್ಲ.

ಕ್ಯಾತ್ಸಂದ್ರ ತಟ್ಟೆಇಡ್ಲಿ:
😂 ಇದು ಮಾತ್ರ ನಿಜ

ನೀಲಿ ಮುಚ್ಚಳ (ಕೋಲಾರ):
ನಾನು ಲ್ಯಾಬ್‌ನಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಪ್ರಶ್ನೆ. ಒಂದು, ಇದನ್ನು ಎಷ್ಟು ಸಲ ಮಾಡಿಸಿದ್ದೀರಿ? ಎರಡು, ರಕ್ತ ಕೊಡುವ ಮುಂಚೆ ಹತ್ತಿರದಲ್ಲಿ ಏನಾದರೂ ಜ್ವರ ಬಂದಿತ್ತಾ?

ರೇಷ್ಮೆಗೂಡು:
ಒಂದೇ ಸಲ ಅಣ್ಣ. ಜ್ವರ ಹೌದು, ಮೂರು ವಾರ ಮುಂಚೆ ಚಿಕುನ್‌ಗುನ್ಯಾ ಆಗಿತ್ತು. ಇನ್ನೂ ಮಣಿಕಟ್ಟು ನೋಯುತ್ತದೆ, ಗೂಡು ಬಿಡಿಸುವಾಗ ಗೊತ್ತಾಗುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ನೀಲಿ ಮುಚ್ಚಳ:
ಸಂಬಂಧ ಇದೆಯಲ್ಲ! ವೈರಸ್ ಜ್ವರ ಬಂದಾಗ ಈ ಆ್ಯಂಟಿಬಾಡಿ ಸ್ವಲ್ಪ ದಿನ ಸುಮ್ನೆ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ನಿಯಮ ಏನು ಅಂದರೆ ಒಂದು ಸಲ ಪಾಸಿಟಿವ್ ಬಂದರೆ ಕಡಿಮೆ ಅಂದರೂ 12 ವಾರ ಬಿಟ್ಟು ಮತ್ತೆ ನೋಡಬೇಕು. ಎರಡು ಸಲವೂ ಬಂದರೆ ಮಾತ್ರ ಲೆಕ್ಕ. ಅದೂ 24 ಅಂದರೆ ಕಡಿಮೆ ಮಟ್ಟ. 2006ರ ಮಾನದಂಡದಲ್ಲಿ 40 ದಾಟಿದರೆ, ಇಲ್ಲವೇ ನೂರು ಆರೋಗ್ಯವಂತರಲ್ಲಿ 99 ಜನರಿಗೆ ಇರುವುದಕ್ಕಿಂತ ಮೇಲಿದ್ದರೆ ಮಾತ್ರ ಗಣನೆಗೆ. ಲ್ಯಾಬ್ ಮಷಿನ್‌ಗೆ ಇದೆಲ್ಲ ಗೊತ್ತಿಲ್ಲ, ಗೆರೆ ದಾಟಿದ ಕೂಡಲೇ ದಪ್ಪ ಅಕ್ಷರ ಹಾಕುತ್ತದೆ.

ಇನ್ನೊಂದು. ಇದರಲ್ಲಿ ಮೂರು ಟೆಸ್ಟ್ ಇವೆ. ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ಲೂಪಸ್ ಆ್ಯಂಟಿಕೋಯಾಗುಲೆಂಟ್. ಕೊನೆಯದು ಮಾಡಿಸಿದ್ದಾರಾ? ಅದೇ ಮುಖ್ಯ, ಅದೇ ಕಷ್ಟದ್ದೂ. ನೀಲಿ ಮುಚ್ಚಳದ ಟ್ಯೂಬ್‌ಗೆ ಗುರುತಿನ ಗೆರೆವರೆಗೆ ಸರಿಯಾಗಿ ರಕ್ತ ತುಂಬಬೇಕು, ನಾಲ್ಕು ಗಂಟೆಯೊಳಗೆ ಎರಡು ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ಬೇರೆ ಮಾಡಬೇಕು. ನಮ್ಮ ತಾಲ್ಲೂಕಿನ ಕಲೆಕ್ಷನ್ ಸೆಂಟರ್‌ನಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆ ಹುಡುಗನ ಬೈಕಿನಲ್ಲಿ ಬೆಂಗಳೂರಿಗೆ ಹೋದರೆ ಆ ರಿಪೋರ್ಟ್‌ಗೆ ಅರ್ಥವೇ ಇಲ್ಲ. ಈ ಒಂದು ಟೆಸ್ಟ್‌ಗೆ ಮಾತ್ರ ದೊಡ್ಡ ಲ್ಯಾಬ್‌ಗೆ ನೀವೇ ಹೋಗಿ ಅಲ್ಲೇ ಕೊಡಿ. ಹೆಪಾರಿನ್ ಶುರು ಮಾಡುವ ಮುಂಚೆ ಕೊಡಿ, ಆಮೇಲೆ ಕೊಟ್ಟರೆ ಫಲಿತಾಂಶ ಕೆಡುತ್ತದೆ.

ಶ್ರೀನಿವಾಸಪುರ ಮಾವು:
ಲೂಪಸ್ ಅಂದರೆ ಆ ಮುಖದ ಮೇಲೆ ಚಿಟ್ಟೆ ಥರ ಕೆಂಪಾಗುವ ಕಾಯಿಲೆ ಅಲ್ವಾ? ನನ್ನ ನಾದಿನಿಗೆ ಈ ಹೆಸರು ನೋಡಿಯೇ ಒಂದು ವಾರ ಊಟ ಸೇರಲಿಲ್ಲ.

ಓದುಗುಬ್ಬಿ (ಗುಬ್ಬಿ):
ಹೆಸರೇ ತಪ್ಪು ಕಣ್ರೀ. ಮೊದಲು ಲೂಪಸ್ ರೋಗಿಗಳ ರಕ್ತದಲ್ಲಿ ಕಂಡಿದ್ದಕ್ಕೆ ಆ ಹೆಸರು ಬಿತ್ತು. ಇದು ಇರುವ ಎಷ್ಟೋ ಜನರಿಗೆ ಲೂಪಸ್ ಇರುವುದೇ ಇಲ್ಲ. ಇನ್ನು 'ಆ್ಯಂಟಿಕೋಯಾಗುಲೆಂಟ್' ಅಂದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವುದು. ಟ್ಯೂಬಿನೊಳಗೆ ಅದು ಹಾಗೇ ಮಾಡುತ್ತದೆ, ಮೈಯೊಳಗೆ ಮಾತ್ರ ಉಲ್ಟಾ, ಹೆಪ್ಪುಗಟ್ಟಿಸುತ್ತದೆ. ಎರಡು ಪದ, ಎರಡೂ ಸುಳ್ಳು.

ಈ ಕಾಯಿಲೆಯ ಚಿತ್ರವನ್ನು 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಅನ್ನುವ ಡಾಕ್ಟರ್ ಒಟ್ಟಾಗಿ ವಿವರಿಸಿದರು, ಅದಕ್ಕೇ ಹ್ಯೂಸ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಆ್ಯಂಟಿಬಾಡಿ ಹಿಡಿದುಕೊಳ್ಳುವುದು ಮಗುವನ್ನಲ್ಲ. ನಮ್ಮ ರಕ್ತದಲ್ಲೇ ಬೀಟಾ-2 ಗ್ಲೈಕೋಪ್ರೋಟೀನ್ ಅಂತ ಒಂದು ಪ್ರೋಟೀನ್ ಇದೆ, ಅದು ಜೀವಕೋಶದ ಕೊಬ್ಬಿನ ಪದರಕ್ಕೆ ಅಂಟಿಕೊಂಡಾಗ ಈ ಆ್ಯಂಟಿಬಾಡಿ ಬಂದು ಅದರ ಮೇಲೆ ಕೂರುತ್ತದೆ. ಮಾಸು ಬೆಳೆಯುವ ಜಾಗದಲ್ಲಿ ಹೀಗಾದರೆ ಬೇರು ಬಿಡುವುದಕ್ಕೇ ಅಡ್ಡಿ. ಮೊದಲೆಲ್ಲ ಬರೀ ರಕ್ತ ಹೆಪ್ಪುಗಟ್ಟಿ ಮಗುವಿಗೆ ರಕ್ತ ಹೋಗುವುದಿಲ್ಲ ಅಂತ ತಿಳಿದಿದ್ದರು. ಈಗ ಗೊತ್ತಿರುವುದು, ಶುರುವಿನ ವಾರಗಳಲ್ಲಿ ಉರಿಯೂತದ ಪಾತ್ರವೂ ಇದೆ, ಕಾಂಪ್ಲಿಮೆಂಟ್ ಅನ್ನುವ ರಕ್ಷಣೆಯ ಪ್ರೋಟೀನ್‌ಗಳು ಕೆರಳುತ್ತವೆ ಅಂತ.

ಮಾಲೂರು ಲಾರಿ:
ಅಕ್ಕ, ಅಣ್ಣ, ನಮ್ಮ ಕಥೆ ಕೇಳಿ. ನನ್ನ ಹೆಂಡತಿ ಮೊದಲನೇ ಸಲ ಬಸುರಿ ಆದಾಗ ತಾಯಿ ಕಾರ್ಡ್ ಮಾಡಿಸಲು ಹೋದರೆ ಎಲ್ಲರಿಗೂ ಮಾಡುವ ವಿಡಿಆರ್‌ಎಲ್ ಟೆಸ್ಟ್ ಮಾಡಿದರು. ರಿಯಾಕ್ಟಿವ್ ಅಂತ ಬಂತು. ಅಂದರೆ ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ. ನಾನು ಲಾರಿ ಓಡಿಸುವವನು, ವಾರಗಟ್ಟಲೆ ಮಹಾರಾಷ್ಟ್ರದ ಕಡೆ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಎಲ್ಲರ ಕಣ್ಣೂ ನನ್ನ ಮೇಲೆ. ಭಾವಮೈದುನ ಮಾತು ಬಿಟ್ಟ. ಅವಳು ತವರಿಗೆ ಹೋದಳು. ನನ್ನ ತಾಯಿ ಅವಳ ಮೇಲೆ ಹೇಳಿದ ಮಾತು ಇಲ್ಲಿ ಬರೆಯುವುದಿಲ್ಲ. ನನ್ನದೂ ಟೆಸ್ಟ್ ಮಾಡಿದರು, ನೆಗೆಟಿವ್. ಆಗ ಅನುಮಾನ ಪೂರ್ತಿ ಅವಳ ಕಡೆ ತಿರುಗಿತು. ಆ ಮಗು ಹೋಯಿತು. ಎರಡನೆಯದೂ ಹೋಯಿತು. ಕೊನೆಗೆ ಒಬ್ಬ ಡಾಕ್ಟರಮ್ಮ ಹಳೇ ಪೇಪರೆಲ್ಲ ಹರಡಿಕೊಂಡು ನೋಡಿ, ಟಿಪಿಎಚ್‌ಎ ಅಂತ ಇನ್ನೊಂದು ಟೆಸ್ಟ್ ಬರೆದರು. ಪೂರ್ತಿ ನೆಗೆಟಿವ್. ಸಿಫಿಲಿಸ್ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಇದೇ ಎಪಿಎಸ್.

ನೀಲಿ ಮುಚ್ಚಳ:
ಲಾರಿ ಅಣ್ಣ, ನಿಮ್ಮ ಕಥೆ ಓದಿ ಬೇಜಾರಾಯಿತು. ವಿಡಿಆರ್‌ಎಲ್‌ನಲ್ಲಿ ನಾವು ಬಳಸುವ ದ್ರವದಲ್ಲಿ ಇರುವುದೇ ಕಾರ್ಡಿಯೋಲಿಪಿನ್, ದನದ ಹೃದಯದಿಂದ ತೆಗೆಯುತ್ತಿದ್ದದ್ದು, ಅದಕ್ಕೇ 'ಕಾರ್ಡಿಯೋ' ಅಂತ ಹೆಸರು. ಕಾರ್ಡಿಯೋಲಿಪಿನ್ ಆ್ಯಂಟಿಬಾಡಿ ಇರುವವರ ರಕ್ತ ಹಾಕಿದರೆ ಅದು ಸಿಫಿಲಿಸ್ ಇಲ್ಲದೆಯೂ ಗಂಟುಕಟ್ಟಬಹುದು. ಖಚಿತ ಮಾಡುವ ಟೆಸ್ಟ್ ಇಲ್ಲದೆ ಆ ಒಂದು ಕಾಗದವನ್ನು ಮನೆಯವರ ಕೈಗೆ ಕೊಡಲೇಬಾರದು.

ರೇಷ್ಮೆಗೂಡು:
ಅಣ್ಣ, ಅಕ್ಕ ಈಗ ಹೇಗಿದ್ದಾರೆ?

ಮಾಲೂರು ಲಾರಿ:
ಚೆನ್ನಾಗಿದ್ದಾಳೆ. ಮಗ ಒಂದನೇ ಕ್ಲಾಸ್. ಭಾವಮೈದುನ ಮಾತ್ರ ಇನ್ನೂ ಸರಿಯಾಗಿ ಮಾತಾಡುವುದಿಲ್ಲ, ಈಗ ನಾಚಿಕೆಗೆ ಇರಬೇಕು.

ಆರೋಗ್ಯಮಿತ್ರ 108:
ನಮ್ಮಲ್ಲಿ ಗರ್ಭ ನಿಲ್ಲಲು ಶುದ್ಧ ಗಿಡಮೂಲಿಕೆ ಚೂರ್ಣ ಸಿಗುತ್ತದೆ. ಎಲ್ಲ ಆ್ಯಂಟಿಬಾಡಿ 40 ದಿನದಲ್ಲಿ ನೆಗೆಟಿವ್. ಮೆಸೇಜ್ ಮಾಡಿ.

ನಿರ್ವಾಹಕ:
ಮೇಲಿನವರನ್ನು ಹೊರಗೆ ಹಾಕಲಾಗಿದೆ. ಪೋಸ್ಟ್ ಉಳಿಸಿದ್ದೇನೆ, ಎಲ್ಲರೂ ನೋಡಲಿ ಅಂತ.

ಪಾವಗಡ ಬಿಸಿಲು:
40 ದಿನದಲ್ಲಿ ನೆಗೆಟಿವ್ ಆಗುವುದು ನಿಜವೇ ಇರಬಹುದು ಮಾರಾಯ್ರೇ, ನೀಲಿ ಮುಚ್ಚಳ ಹೇಳಿದ ಹಾಗೆ ಜ್ವರದ್ದಾಗಿದ್ದರೆ ಚೂರ್ಣ ಇಲ್ಲದೆಯೂ ಆಗುತ್ತದೆ. ಇವರ ವ್ಯಾಪಾರ ನಡೆಯುವುದೇ ಆ ಸಂದಿಯಲ್ಲಿ.

ಈಗ ಆ ಪ್ಯಾಕೇಜ್ ವಿಷಯ. ಗಂಡನ ಬಿಳಿ ರಕ್ತಕಣ ಚುಚ್ಚುವುದನ್ನು ಅಮೆರಿಕದಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ನೋಡಿ 1999ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉಪಯೋಗ ಇಲ್ಲ ಅಂತ ಪ್ರಕಟಿಸಿದರು. ಇಷ್ಟು ವರ್ಷ ಆದಮೇಲೂ ಇಲ್ಲಿ ಮಾರುತ್ತಿದ್ದಾರೆ. ಇಂಟ್ರಾಲಿಪಿಡ್ ಅಂದರೆ ಸೋಯಾ ಎಣ್ಣೆ, ಮೊಟ್ಟೆಯ ಕೊಬ್ಬು ಸೇರಿಸಿದ ಡ್ರಿಪ್, ಬಾಯಿಂದ ಊಟ ಮಾಡಲಾಗದವರಿಗೆ ಕೊಡುವುದು. ಗರ್ಭ ಉಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಎಎನ್ಎ 1:80 ಅಂತೂ ಬಿಟ್ಟುಬಿಡಿ, ಏನೂ ಕಾಯಿಲೆ ಇಲ್ಲದ ನೂರು ಜನರನ್ನು ನೋಡಿದರೂ ಹತ್ತು ಹದಿಮೂರು ಜನರಲ್ಲಿ ಸಿಗುತ್ತದೆ. ನಿಮ್ಮ ಬೀದಿಯಲ್ಲೇ ಐದಾರು ಜನ ಇರುತ್ತಾರೆ, ಅವರಿಗೆಲ್ಲ ನಾಲ್ಕು ನಾಲ್ಕು ಮಕ್ಕಳಿರುತ್ತಾರೆ.

ಶ್ರೀನಿವಾಸಪುರ ಮಾವು:
ಟಿಪಿಒ? ನನಗೂ ಅದು ಜಾಸ್ತಿ ಅಂತ ಥೈರಾಯ್ಡ್ ಮಾತ್ರೆ ಕೊಟ್ಟಿದ್ದರು.

ಓದುಗುಬ್ಬಿ:
ಟಿಪಿಒ ಇರುವವರಲ್ಲಿ ಗರ್ಭ ಹೋಗುವುದು ಸ್ವಲ್ಪ ಜಾಸ್ತಿ ಅನ್ನುವುದು ನಿಜ. ಆದರೆ ಮಾತ್ರೆಯಿಂದ ಅದು ತಪ್ಪುತ್ತದೆಯಾ ಅನ್ನುವುದು ಬೇರೆ ಪ್ರಶ್ನೆ. ಬ್ರಿಟನ್‌ನಲ್ಲಿ 952 ಹೆಂಗಸರ ಮೇಲೆ ನೋಡಿದರು, ಎಲ್ಲರಿಗೂ ಟಿಪಿಒ ಪಾಸಿಟಿವ್, ಥೈರಾಯ್ಡ್ ಮಟ್ಟ ನಾರ್ಮಲ್. ಅರ್ಧ ಜನಕ್ಕೆ ದಿನಾ 50 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್, ಅರ್ಧ ಜನಕ್ಕೆ ಉತ್ತುತ್ತಿ ಮಾತ್ರೆ. 2019ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟಿದ್ದು ಥೈರಾಯ್ಡ್ ಮಾತ್ರೆ ತಿಂದವರಲ್ಲಿ ನೂರಕ್ಕೆ 37.4, ತಿನ್ನದವರಲ್ಲಿ 37.9. ಅಷ್ಟೇ. ಟಿಎಸ್‌ಎಚ್ ಏರಿದ್ದರೆ ಮಾತ್ರೆ ಬೇಕೇ ಬೇಕು, ಅದು ಬೇರೆ ವಿಷಯ. ಮಾವು ಅವರೇ, ನೀವಾಗಿ ನಿಲ್ಲಿಸಬೇಡಿ, ನಿಮಗೆ ಯಾಕೆ ಕೊಟ್ಟರು ಅಂತ ಕೇಳಿ.

ಕ್ಯಾತ್ಸಂದ್ರ ತಟ್ಟೆಇಡ್ಲಿ:
ಉತ್ತುತ್ತಿ ಮಾತ್ರೆ ಅಂದರೇನು ಗುರು? ನಾನು ಉತ್ತುತ್ತೆ ಅಂದುಕೊಂಡು ಡ್ರೈಫ್ರೂಟ್ಸ್ ಅಂಗಡಿ ನೆನಪು ಮಾಡಿಕೊಂಡೆ.

ಓದುಗುಬ್ಬಿ:
ಟೈಪಿಂಗ್ ತಪ್ಪು! ಉತ್ತುತ್ತೆ ಅಲ್ಲ, 'ಹುಸಿ ಮಾತ್ರೆ' ಅಂತ ಬರೆಯಲು ಹೋದೆ, ಫೋನ್ ಏನೋ ಮಾಡಿತು. ನೋಡಲು ಹಾಗೇ ಇರುತ್ತದೆ, ಒಳಗೆ ಔಷಧ ಇರುವುದಿಲ್ಲ.

ಕಲ್ಪತರು:
ಬಂದೆ. ಇಲ್ಲಿ ಎಲ್ಲರೂ 'ಬೇಡ ಬೇಡ' ಅನ್ನುತ್ತಿರುವುದು ನೋಡಿ ಸ್ವಲ್ಪ ಭಯವಾಯಿತು. ನಿಜವಾಗಿ ಎಪಿಎಸ್ ಇರುವವಳು ಯಾರಾದರೂ ಇದನ್ನು ಓದಿ ಇಂಜೆಕ್ಷನ್ ನಿಲ್ಲಿಸಿಬಿಟ್ಟರೆ?

ನನಗೆ ಲೂಪಸ್ ಆ್ಯಂಟಿಕೋಯಾಗುಲೆಂಟ್ ಎರಡು ಸಲವೂ ಪಾಸಿಟಿವ್, ಕಾರ್ಡಿಯೋಲಿಪಿನ್ ಐಜಿಜಿ ಎಂಬತ್ತರ ಮೇಲೆ. ಹತ್ತು ವಾರ ದಾಟಿದ ಮೇಲೆ ಸರಿಯಾಗಿ ಬೆಳೆದ ಮಗು ಹೋದರೆ ಒಂದೇ ಸಾಕು, ಈ ಟೆಸ್ಟ್ ಮಾಡಲೇಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರು. ನಾಲ್ಕನೇ ಸಲ ಮನೆಯಲ್ಲಿ ಎರಡು ಗೆರೆ ಬಂದ ದಿನವೇ ಶುರು. ಆ್ಯಸ್ಪಿರಿನ್ 75 ಮೊದಲೇ ನಡೆಯುತ್ತಿತ್ತು, ಜೊತೆಗೆ ಎನಾಕ್ಸಾಪರಿನ್ 40 (ಹೆಪಾರಿನ್‌ನದೇ ಒಂದು ಬಗೆ), ದಿನಾ ರಾತ್ರಿ ಎಂಟಕ್ಕೆ. ಮೊದಲ ವಾರ ಊರಿನ ನರ್ಸಮ್ಮ ಬಂದು ಹಾಕಿದರು. ಆಮೇಲೆ ನಮ್ಮ ಯಜಮಾನರೇ ಕಲಿತರು. ತೆಂಗಿನಕಾಯಿ ಸುಲಿಯುವ ಕೈ, ಸೂಜಿ ಹಿಡಿದರೆ ನಡುಗುತ್ತಿತ್ತು. ಹೊಟ್ಟೆಯ ತೊಗಲು ಚಿವುಟಿ ಹಿಡಿದು, ಹೊಕ್ಕಳಿಂದ ಎರಡು ಬೆರಳು ದೂರ, ಒಂದು ದಿನ ಎಡ ಒಂದು ದಿನ ಬಲ. ಹಾಕಿದ ಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿ. ನಾನು ಉಜ್ಜುತ್ತಿದ್ದೆ, ಹೊಟ್ಟೆಯೆಲ್ಲ ನೇರಳೆಹಣ್ಣು ಚೆಲ್ಲಿದ ಹಾಗೆ. ಸೂಜಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಆಸ್ಪತ್ರೆಗೆ ಕೊಡುತ್ತಿದ್ದೆವು. ಒಂದಕ್ಕೆ ನಾನೂರರ ಹತ್ತಿರ ಬೀಳುತ್ತಿತ್ತು. ಹೆರಿಗೆ ಆದಮೇಲೂ ಆರು ವಾರ, ಒಟ್ಟು ಇನ್ನೂರೈವತ್ತರ ಮೇಲೆ. ಲಕ್ಷ ರೂಪಾಯಿ. ಆ ವರ್ಷದ ಕೊಬ್ಬರಿ ಪೂರ್ತಿ ನನ್ನ ಹೊಟ್ಟೆಗೇ ಹೋಯಿತು ಅಂತ ಮಾವ ಈಗಲೂ ನಗುತ್ತಾರೆ.

ಹೆಪಾರಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ಅದು ಒಂದು ಸಮಾಧಾನ. ವಾರ್ಫರಿನ್ ಮಾತ್ರೆ ಹೋಗುತ್ತದೆ, ಮಗುವಿಗೆ ತೊಂದರೆ. ಅದಕ್ಕೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ವಾರ್ಫರಿನ್ ತಿನ್ನುತ್ತಿರುವವರು ಬಸುರಿ ಆಗಬೇಕು ಅಂದುಕೊಂಡರೆ ಮೊದಲೇ ಡಾಕ್ಟರ್ ಹತ್ತಿರ ಹೇಳಬೇಕು.

ಓದುಗುಬ್ಬಿ:
ಅಕ್ಕ ಹೇಳಿದ್ದಕ್ಕೆ ಪುರಾವೆ ಇದೆ. 1997ರಲ್ಲಿ ಲಂಡನ್ನಿನಲ್ಲಿ ಈ ಆ್ಯಂಟಿಬಾಡಿ ಇದ್ದು ಪದೇಪದೇ ಗರ್ಭ ಹೋದ 90 ಹೆಂಗಸರನ್ನು ಎರಡು ಭಾಗ ಮಾಡಿದರು. ಬರೀ ಆ್ಯಸ್ಪಿರಿನ್ ತೆಗೆದುಕೊಂಡ 45 ಜನರಲ್ಲಿ 19 ಜನಕ್ಕೆ ಮಗು. ಹೆಪಾರಿನ್ ಕೂಡ ತೆಗೆದುಕೊಂಡ 45 ಜನರಲ್ಲಿ 32.

ಪಾವಗಡ ಬಿಸಿಲು:
ಅರ್ಧ ಹೇಳಬೇಡಿ ಗುಬ್ಬಿ. 2002ರಲ್ಲಿ ಬ್ರಿಟನ್‌ನಲ್ಲೇ ಇನ್ನೊಂದು ನಡೆಯಿತು, ಅದರಲ್ಲಿ ಬರೀ ಆ್ಯಸ್ಪಿರಿನ್‌ಗೆ ನೂರಕ್ಕೆ 72, ಎರಡೂ ಸೇರಿದರೆ 78. ಹೆಚ್ಚು ವ್ಯತ್ಯಾಸ ಇಲ್ಲ.

ಓದುಗುಬ್ಬಿ:
ಗೊತ್ತು ಸ್ವಾಮಿ. ಅದರಲ್ಲಿ ಆ್ಯಂಟಿಬಾಡಿ ಮಟ್ಟ ಕಡಿಮೆ ಇದ್ದವರನ್ನೂ ಸೇರಿಸಿಕೊಂಡಿದ್ದರು ಅಂತ ಆಕ್ಷೇಪ ಇದೆ. ನಮ್ಮ ಶಿಡ್ಲಘಟ್ಟದ ತಂಗಿಯ ಥರದವರನ್ನು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು, ನಿಜವಾದ ಎಪಿಎಸ್‌ಗೆ ಎರಡೂ ಔಷಧ ಬೇಕು, ಎಪಿಎಸ್ ಇಲ್ಲದವರಿಗೆ ಬೇಡ. ಕಾರಣ ಸಿಗದೆ ಗರ್ಭ ಹೋದವರಿಗೆ ಆ್ಯಸ್ಪಿರಿನ್, ಹೆಪಾರಿನ್ ಕೊಟ್ಟು ನೋಡಿದ ಡಚ್ ಪರೀಕ್ಷೆ 2010ರಲ್ಲಿ ಬಂತು, ಏನೂ ಲಾಭ ಕಾಣಲಿಲ್ಲ.

ಪಾವಗಡ ಬಿಸಿಲು:
ಸರಿ, ಇದನ್ನು ಒಪ್ಪುತ್ತೇನೆ. ಇವತ್ತು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ.

ಮಧುಗಿರಿ ಬೆಟ್ಟ:
ಒಂದು ಎಚ್ಚರಿಕೆ ಮಾತ್ರ. ಎಪಿಎಸ್ ಬರೀ ಬಸಿರಿನ ವಿಷಯ ಅಲ್ಲ. ನನ್ನ ತಂಗಿಗೆ 31ಕ್ಕೆ ಪಾರ್ಶ್ವವಾಯು ಹೊಡೆಯಿತು. ಎರಡು ಗರ್ಭ ಹೋಗಿದ್ದವು, ಯಾರೂ ಜೋಡಿಸಿ ನೋಡಲಿಲ್ಲ. ಮುಟ್ಟು ಸರಿಹೋಗಲಿ ಅಂತ ಹಾರ್ಮೋನ್ ಮಾತ್ರೆ ತಿನ್ನುತ್ತಿದ್ದಳು. ಈಸ್ಟ್ರೋಜನ್ ಇರುವ ಮಾತ್ರೆ ಇಂಥವರಿಗೆ ಆಗಬಾರದು ಅಂತ ಆಮೇಲೆ ತಿಳಿಯಿತು. ಸಿಗರೇಟಿನ ಹತ್ತಿರವೂ ಹೋಗಬಾರದು.

ಅಶ್ವತ್ಥಕಟ್ಟೆ:
ಅಯ್ಯೋ ಪಾಪ. ಈಗ ಕೈಕಾಲು ಆಡುತ್ತಿದೆಯೇನಪ್ಪಾ?

ಮಧುಗಿರಿ ಬೆಟ್ಟ:
ಬಲಗೈ ಸ್ವಲ್ಪ ಕಡಿಮೆ ಅಮ್ಮ. ರಾಗಿ ಮುದ್ದೆ ಕಟ್ಟುವುದು ಮತ್ತೆ ಕಲಿತಿದ್ದಾಳೆ.

ಶ್ರೀನಿವಾಸಪುರ ಮಾವು:
ಮಧ್ಯೆ ಕೇಳುತ್ತೇನೆ, ಟಾರ್ಚ್ ಟೆಸ್ಟ್, ಅದೇ ಬೆಕ್ಕಿನಿಂದ ಬರುವ ಟಾಕ್ಸೋಪ್ಲಾಸ್ಮಾ, ರುಬೆಲ್ಲಾ ಥರದ ಸೋಂಕು ನೋಡುವುದು, ಯಾರೂ ಹೇಳಲೇ ಇಲ್ಲ? ನನಗೆ ಮೊದಲು ಅದನ್ನೇ ಮಾಡಿಸಿದ್ದು. ಬೆಕ್ಕು ಸಾಕಿದ್ದಕ್ಕೆ ಹೀಗಾಯಿತು ಅಂತ ನಮ್ಮ ಬೆಕ್ಕನ್ನು ಚಿಂತಾಮಣಿಯ ದೊಡ್ಡಮ್ಮನ ಮನೆಗೆ ಕಳಿಸಿದರು.

ನೀಲಿ ಮುಚ್ಚಳ:
ಪದೇಪದೇ ಹೋಗುವುದಕ್ಕೆ ಟಾರ್ಚ್ ಕಾರಣ ಅಲ್ಲ, ಯಾವ ದೊಡ್ಡ ಮಾರ್ಗಸೂಚಿಯೂ ಅದನ್ನು ಮಾಡಿಸಿ ಅನ್ನುವುದಿಲ್ಲ. ಆದರೂ ನಮ್ಮ ಕೌಂಟರಿಗೆ ದಿನಾ ಚೀಟಿ ಬರುತ್ತದೆ. ಬೆಕ್ಕನ್ನು ವಾಪಸ್ ಕರೆಸಿ.

ಶ್ರೀನಿವಾಸಪುರ ಮಾವು:
ಅದು ಅಲ್ಲೇ ಮೂರು ಸಲ ಮರಿ ಹಾಕಿದೆ. ಅದಕ್ಕೆ ಯಾವ ಆ್ಯಂಟಿಬಾಡಿಯೂ ಇಲ್ಲ.

ರೇಷ್ಮೆಗೂಡು:
ಇದನ್ನೆಲ್ಲ ಇವರಿಗೆ ಓದಿ ಹೇಳಿದೆ. ಪ್ಯಾಕೇಜ್ ಸದ್ಯಕ್ಕೆ ಬೇಡ ಅಂದೆವು. ಕ್ಲಿನಿಕ್‌ನಿಂದ ದಿನಕ್ಕೆ ಎರಡು ಸಲ ಫೋನ್ ಬರುತ್ತಿದೆ. ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬ ಡಾಕ್ಟರಮ್ಮನನ್ನು ನೋಡಿದೆ. ಅವರು ಕೇಳಿದ ಮೊದಲ ಮಾತು, 'ಡಿ ಅಂಡ್ ಸಿ ಆದಾಗ ಅಂಗಾಂಶವನ್ನು ಕ್ರೋಮೋಸೋಮ್ ಟೆಸ್ಟ್‌ಗೆ ಕಳಿಸಿದ್ದರಾ?' ಇಲ್ಲ. ಶುರುವಿನಲ್ಲಿ ಹೋಗುವುದರಲ್ಲಿ ಅರ್ಧಕ್ಕರ್ಧ ಮಗುವಿನ ಕ್ರೋಮೋಸೋಮ್ ತಪ್ಪೇ ಕಾರಣವಂತೆ, ಆ ಸಲಕ್ಕೆ ಆ ಸಲದ್ದು. 12 ವಾರ ಆಗಲಿ, ಮೂರೂ ಟೆಸ್ಟ್ ಒಟ್ಟಿಗೆ ಮಾಡೋಣ, ಅಲ್ಲಿವರೆಗೆ ಫೋಲಿಕ್ ಆಮ್ಲ ಬಿಡಬೇಡ ಅಂದರು. ಫೀಸ್ ಮುನ್ನೂರು.

ಕಲ್ಪತರು:
ಎರಡು ಹೋದಾಗಲೇ ಟೆಸ್ಟ್ ಮಾಡಬಹುದು ಅಂತ ಯುರೋಪಿನವರು, ಮೂರು ಹೋಗಲಿ ಅಂತ ಇನ್ನು ಕೆಲವರು. ಮೂರನೆಯದಕ್ಕೆ ಕಾಯಿ ಅನ್ನುವುದು ಹೇಳುವವರಿಗೆ ಸುಲಭ. ನೀನು ಮಾಡಿಸಿದ್ದು ತಪ್ಪಲ್ಲ ತಂಗಿ, ಮಾಡಿಸಿದ ಜಾಗ ಸರಿ ಇರಲಿಲ್ಲ ಅಷ್ಟೇ.

ರೇಷ್ಮೆಗೂಡು (ಮೂರೂವರೆ ತಿಂಗಳ ನಂತರ):
ಯಾರಾದರೂ ಇನ್ನೂ ಇಲ್ಲಿ ಇದ್ದೀರಾ? ರಿಪೋರ್ಟ್ ಬಂತು. ನಾನೇ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟೆ, ಟ್ಯೂಬ್ ಗೆರೆವರೆಗೆ ತುಂಬಿತಾ ಅಂತ ಕೇಳಿ ಆ ಹುಡುಗಿಯ ಕೈಲಿ ಬೈಸಿಕೊಂಡೆ. ಕಾರ್ಡಿಯೋಲಿಪಿನ್ 6. ಬೀಟಾ-2 ನಾರ್ಮಲ್. ಲೂಪಸ್ ಆ್ಯಂಟಿಕೋಯಾಗುಲೆಂಟ್ ಇಲ್ಲ. ಎಪಿಎಸ್ ಇಲ್ಲ.

ಖುಷಿ ಆಗಬೇಕು ಅಲ್ವಾ? ಮೊದಲ ದಿನ ಆಯಿತು. ಎರಡನೇ ದಿನ ಅಳು ಬಂತು. ಆ 24 ಅನ್ನುವ ನಂಬರ್ ಇದ್ದಾಗ ಕನಿಷ್ಠ ಒಂದು ಕಾರಣ ಅಂತ ಇತ್ತು, ಇಂಜೆಕ್ಷನ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಅಂತ ಇತ್ತು. ಈಗ ಯಾಕೆ ಹೋಯಿತು ಅಂತ ಕೇಳಿದರೆ ಹೇಳಲು ಏನೂ ಇಲ್ಲ.

ನೀಲಿ ಮುಚ್ಚಳ:
ಇದ್ದೇವಮ್ಮ. ನಾರ್ಮಲ್ ರಿಪೋರ್ಟ್ ಕೈಗೆ ತೆಗೆದುಕೊಂಡು ಅಳುವವರನ್ನು ನಾನು ಕೌಂಟರ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೊದಮೊದಲು ಅರ್ಥ ಆಗುತ್ತಿರಲಿಲ್ಲ.

ಪಾವಗಡ ಬಿಸಿಲು:
ಕಾರಣ ಸಿಗದವರಲ್ಲೇ ಹೆಚ್ಚಿನವರಿಗೆ ಮುಂದಿನ ಸಲ ನಿಲ್ಲುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನನಗೆ ಸಮಾಧಾನ ಹೇಳಲು ಬರುವುದಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಮಾಲೂರು ಲಾರಿ:
ಅತ್ತೆಯವರಿಗೆ ಹೊಸ ರಿಪೋರ್ಟ್ ತೋರಿಸಿದಿರಾ?

ರೇಷ್ಮೆಗೂಡು:
ತೋರಿಸಿದೆ ಅಣ್ಣ. ಕನ್ನಡಕ ಹಾಕಿಕೊಂಡು ಇಂಗ್ಲಿಷ್ ಅಕ್ಷರ ತುಂಬಾ ಹೊತ್ತು ನೋಡಿದರು. 'ಹಂಗಾದ್ರೆ ರಕ್ತ ಚೆನ್ನಾಗೈತೆ' ಅಂದರು. ಆಮೇಲೆ ಎದ್ದು ಹೋಗಿ, ಹಳೇ ರಿಪೋರ್ಟನ್ನು ಬೀರುವಿನಿಂದ ತೆಗೆದು ಒಲೆಗೆ ಹಾಕಿದರು. ಅದು ಬೇಕಿತ್ತು ಅಂತ ಹೇಳಲು ಬಾಯಿ ಬರಲಿಲ್ಲ, ಫೋನಿನಲ್ಲಿ ಫೋಟೋ ಇದೆ.

ಅಶ್ವತ್ಥಕಟ್ಟೆ:
ಆದರೂ ಒಂದು ಸಲ ವಿದುರಾಶ್ವತ್ಥಕ್ಕೆ ಬಾ ಮಗಳೇ. ಕಲ್ಲು ಬೇಡ ಬಿಡು. ನಮ್ಮ ಮನೆ ಅಲ್ಲಿಂದ ಹತ್ತಿರ, ಊಟ ಮಾಡಿಕೊಂಡು ಹೋಗುವೆಯಂತೆ.

ಕ್ಯಾತ್ಸಂದ್ರ ತಟ್ಟೆಇಡ್ಲಿ:
ಊಟ ನಮಗೂ ಇದೆಯಾ ಅಮ್ಮ?